ರೇಡಿಯೇಶನ್ ನಡೀತಿರುವಾಗ ನಾರು ಬಿಡಬೇಕಾ?



ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಶನ್ ಅಂತ ಊರಿಂದ ಪುಣೆಗೆ ನಮ್ಮ ಮನೆಗೇ ಕರ್ಕೊಂಡು ಬಂದಿದ್ವಿ. ಐದು ವಾರ, ಸೋಮವಾರದಿಂದ ಶುಕ್ರವಾರ, ದಿನಾ ಆಸ್ಪತ್ರೆ. ನನ್ನ ಸ್ಟ್ಯಾಂಡಪ್ ಕಾಲ್ ಎಲ್ಲ ಕ್ಯಾಬ್‌ನಲ್ಲೇ. ಮೂರನೇ ವಾರ ಅಮ್ಮನಿಗೆ ಭೇದಿ ಶುರುವಾಯ್ತು. ಚಿಕ್ಕಮ್ಮ ಫೋನ್ ಮಾಡಿ, "ಸೊಪ್ಪು, ತರಕಾರಿ, ಬೇಳೆ ಏನೂ ಕೊಡ್ಬೇಡ ಕಣೋ. ಮೆತ್ತಗನ್ನ, ಮಜ್ಜಿಗೆ ಸಾಕು" ಅಂದ್ರು. ಅಮ್ಮ ಅದನ್ನೇ ಹಿಡ್ಕೊಂಡ್ರು.

ಚಿಕ್ಕಮ್ಮನ ಮಾತು ಮೂಢನಂಬಿಕೆ ಏನಲ್ಲ. ಕಿಬ್ಬೊಟ್ಟೆಗೆ ರೇಡಿಯೇಶನ್ ಕೊಡುವಾಗ ನಾರು ಕಡಿಮೆ ಮಾಡಿ ಅಂತ ಆಸ್ಪತ್ರೆಗಳೂ ಬಹಳ ಕಾಲದಿಂದ ಹೇಳ್ತಾ ಬಂದಿವೆ. ಕರುಳು ನೊಂದಿದೆ, ಅದಕ್ಕೆ ಕೆಲಸ ಕೊಡಬೇಡಿ ಅನ್ನೋ ಲೆಕ್ಕ.

ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರು ಈ ಲೆಕ್ಕವನ್ನೇ ಪರೀಕ್ಷೆ ಮಾಡಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯ್ತು. 166 ರೋಗಿಗಳು, ಮೂರು ಗುಂಪು: ದಿನಕ್ಕೆ 10 ಗ್ರಾಂ ಮೀರದಷ್ಟು ನಾರು, ಮಾಮೂಲಿ ಊಟ, ಮತ್ತು 18 ಗ್ರಾಂ ಅಥವಾ ಹೆಚ್ಚು. (ಪ್ಯಾಕೆಟ್ ಮೇಲೆ ಬರೆಯೋ ಫೈಬರ್‌ಗೂ ಇದಕ್ಕೂ ಅಳೆಯೋ ವಿಧಾನ ಬೇರೆ, ನೇರವಾಗಿ ಹೋಲಿಸಬೇಡಿ.) ತೊಂದರೆ ಅತಿ ಹೆಚ್ಚಿದ್ದ ದಿನಗಳಲ್ಲಿ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ. ಆದರೆ ಚಿಕಿತ್ಸೆ ಮುಗಿಯುವಾಗ, ಒಂದು ವರ್ಷದ ನಂತರವೂ, ಮಾಮೂಲಿ ಊಟದವರಿಗಿಂತ ಹೆಚ್ಚು ನಾರು ತಿಂದವರಿಗೆ ಕರುಳಿನ ತೊಂದರೆ ಕಡಿಮೆ ಇತ್ತು. ಆ ಒಂದು ವರ್ಷದ ಮಾತೇ ನನಗೆ ಮುಖ್ಯ ಅನ್ನಿಸಿದ್ದು. ಚಿಕಿತ್ಸೆ ಐದು ವಾರದಲ್ಲಿ ಮುಗಿಯುತ್ತೆ, ಕರುಳಿನ ತೊಂದರೆ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತೆ.

ಕಾರಣ ಏನಿರಬಹುದು? ನಾರು ನಮಗೆ ಜೀರ್ಣ ಆಗಲ್ಲ, ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ನಾರು ಪೂರ್ತಿ ನಿಲ್ಲಿಸಿದ್ರೆ ಅವಕ್ಕೆ ಉಪವಾಸ.

ಹಾಗಂತ ಇವತ್ತೇ ಎರಡು ಮುದ್ದೆ ತಿನ್ನಿಸಬೇಡಿ. ಗಡ್ಡೆಯಿಂದ ಕರುಳು ಕಟ್ಟಿಕೊಂಡಿದ್ರೆ, ಕಿರಿದಾಗಿದ್ರೆ, ಇತ್ತೀಚೆಗೆ ಆಪರೇಷನ್ ಆಗಿದ್ರೆ ನಾರು ಅಪಾಯ. ಭೇದಿ ಜೋರಾಗಿದ್ರೆ, ರಕ್ತ ಕಂಡ್ರೆ, ಊಟದ ಪ್ರಯೋಗ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ನಾವು ಆಸ್ಪತ್ರೆಯ ಡಯಟಿಷಿಯನ್ ಹತ್ರ ಹೋದ್ವಿ. ಅವರು ಭೇದಿ ಹತೋಟಿಗೆ ಬಂದ ಮೇಲೆ ಹೆಸರುಬೇಳೆ, ಮೆತ್ತಗೆ ಬೇಯಿಸಿದ ಕ್ಯಾರೆಟ್, ಓಟ್ಸ್ ಗಂಜಿ ಸ್ವಲ್ಪ ಸ್ವಲ್ಪವೇ ಶುರುಮಾಡಿಸಿದ್ರು. ಹಸಿ ಸಲಾಡ್ ಬೇಡ, ನೀರು ಕಡಿಮೆ ಆಗಬಾರದು ಅಂದ್ರು. ಓಟ್ಸ್ ನೋಡಿ ಅಮ್ಮ, "ಇದೇನೋ, ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದು!" ಅಂದ್ರು. ಆದರೂ ತಿಂದ್ರು.

ನಿಮ್ಮ ಮನೇಲಿ ಯಾರಿಗಾದ್ರೂ ರೇಡಿಯೇಶನ್ ಶುರುವಾಗೋದಿದ್ರೆ, ಮೊದಲ ವಾರವೇ ಕೇಳಿ: ಇವರಿಗೆ ನಾರು ಎಷ್ಟು, ಯಾವುದರಿಂದ, ಯಾವಾಗ ನಿಲ್ಲಿಸಬೇಕು? ನಾನು ಕೇಳಿದ್ದು ನಾಲ್ಕನೇ ವಾರ.