ಚಪ್ಪರದ ಹೊರಗೂ ತಾಳ

ರಾಮನವಮಿ ಬಂತೆಂದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಚಪ್ಪರ ಏಳುತ್ತದೆ. 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವ. ಅಜ್ಜನ ಕಾಲದಿಂದಲೂ ನಮ್ಮ ಮನೆಯವರಿಗೆ ಬೇಸಿಗೆ ಎಂದರೆ ಅದೇ.

ಒಮ್ಮೆ ಮುಂಚಿತವಾಗಿ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ಮೃದಂಗದವರು ಪುಟ್ಟ ಬಟ್ಟಲಲ್ಲಿ ರವೆಗೆ ನೀರು ಹಾಕಿ ಕಲಸಿ, ಎಡಮುಖದ ನಡುವೆ ತಟ್ಟಿ ತಟ್ಟಿ ಮೆತ್ತಿದರು. ಒಂದು ಪೆಟ್ಟು ಕೊಟ್ಟು ಕಿವಿಗೊಟ್ಟರು. ಸಾಲದು. ಇನ್ನೊಂದು ಚಿಟಿಕೆ. ಆಮೇಲೆ ಬಲಗಡೆಯ ಅಂಚಿಗೆ ಕಲ್ಲಿನಿಂದ ಮೆಲ್ಲಗೆ ಕುಟ್ಟಿ, ತಂಬೂರಿಯ ಷಡ್ಜಕ್ಕೆ ಕೂಡಿಸಿದರು. ನಾವು ಬೆಳಗ್ಗೆ ಉಪ್ಪಿಟ್ಟು ಮಾಡುವ ರವೆಯೇ! ಅದಿಲ್ಲದೆ ಎಡಗೈಗೆ ಆ ಗುಂಯ್ಯೆನ್ನುವ ನಾದ ದಕ್ಕುವುದಿಲ್ಲ. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಮುಂದಿನ ಕಛೇರಿಗೆ ಮತ್ತೆ ಹೊಸದಾಗಿ ಕಲಸಬೇಕು. ಮೊಬೈಲಿನಲ್ಲಿ ಎಷ್ಟೇ ಕೇಳಿದರೂ ಈ ಅರ್ಧ ಗಳಿಗೆಯ ಶ್ರದ್ಧೆ ನಮಗೆ ಸಿಗುವುದಿಲ್ಲ. ನನಗಂತೂ ಅದೂ ಕಛೇರಿಯ ಭಾಗವೇ.

ಇನ್ನೊಂದು ಸಂಜೆ, ಮನೆಗೆ ಹೊತ್ತಾಯಿತೆಂದು ಮೃದಂಗದ ತನಿ ಆವರ್ತನದ ನಡುವೆಯೇ ಎದ್ದು ಬಂದೆ. ಹೊರಗೆ ಆಟೋದಲ್ಲಿ ಕೂತವರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

"ಬಸವನಗುಡಿಗೆ ಬರ್ತೀರಾ?"

"ಸ್ವಲ್ಪ ಇರಿ ಸಾರ್, ಮುಕ್ತಾಯ ಆಗ್ಲಿ" ಎಂದರು, ತಾಳ ಬಿಡದೆ.

ನಾನೂ ಅಲ್ಲೇ ನಿಂತೆ.