ನೆಕ್ಕುವ ಅಮ್ಮ, ನೆಮ್ಮದಿಯ ಮರಿ

ಮಕ್ಕಳೇ, ಆಗತಾನೇ ಹುಟ್ಟಿದ ಇಲಿಮರಿಗೆ ಕಣ್ಣು ಕಾಣುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ಅಮ್ಮನ ಬಿಸಿ ಮೈ, ಅಮ್ಮನ ನಾಲಿಗೆ. ಕೆಲವು ತಾಯಿ ಇಲಿಗಳು ಮರಿಗಳನ್ನು ಮತ್ತೆ ಮತ್ತೆ ನೆಕ್ಕುತ್ತವೆ, ಕೆಲವು ಅಷ್ಟಾಗಿ ನೆಕ್ಕುವುದಿಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ಈ ವ್ಯತ್ಯಾಸದ ಬೆನ್ನು ಹತ್ತಿದರು. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಧೈರ್ಯವಾಗಿದ್ದವು. ಉಳಿದವು ಬೇಗ ಗಾಬರಿಯಾಗುತ್ತಿದ್ದವು.

ಇದು ಹೆತ್ತವಳಿಂದ ಬಂದ ಗುಣವೇ? ಹುಟ್ಟಿದ ಮರಿಗಳನ್ನು ತಾಯಂದಿರ ನಡುವೆ ಅದಲುಬದಲು ಮಾಡಿ ನೋಡಿದರು. ಮರಿಗಳು ಸಾಕಿದವಳ ಆರೈಕೆಗೆ ತಕ್ಕಂತೆ ಬೆಳೆದವು! ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ.

ಹೆದರಿದಾಗ ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ನಮ್ಮಲ್ಲಿ ಅದರ ಹೆಸರು ಕಾರ್ಟಿಸಾಲ್. ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿರುವ ಗ್ರಾಹಕಗಳು ಅದನ್ನು ಗುರುತಿಸಿದಾಗ 'ಇನ್ನು ಸಾಕು' ಎಂಬ ಸಂದೇಶ ಹೊರಡುತ್ತದೆ, ಹಾರ್ಮೋನು ಇಳಿಯುತ್ತದೆ. ಈ ಗ್ರಾಹಕಗಳನ್ನು ತಯಾರಿಸಲು ಒಂದು ಜೀನ್ ಇದೆ. ಮೀನಿ, ಮೋಶೆ ಶಿಫ್ ಮತ್ತು ಸಂಗಡಿಗರು ಆ ಜೀನನ್ನೇ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಡಿಮೆ ನೆಕ್ಕಿಸಿಕೊಂಡ ಇಲಿಗಳಲ್ಲಿ ಜೀನ್ ಕೆಲಸ ಶುರುಮಾಡುವ ಜಾಗಕ್ಕೆ ಮೀಥೈಲ್ ಎಂಬ ಪುಟಾಣಿ ಗುಂಪುಗಳು ಹೆಚ್ಚು ಅಂಟಿಕೊಂಡಿದ್ದವು. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಅದರ ಗಾತ್ರ. ಪುಸ್ತಕದ ಹಾಳೆಗಳಿಗೆ ಕ್ಲಿಪ್ ಹಾಕಿದರೆ ಅಕ್ಷರ ಅಳಿಸಿಹೋಗುವುದಿಲ್ಲ, ಓದುವುದು ಮಾತ್ರ ಕಷ್ಟ; ಇಲ್ಲೂ ಹಾಗೆಯೇ. ಗ್ರಾಹಕಗಳು ಕಡಿಮೆಯಾದವು, ಗಾಬರಿ ಇಳಿಯುವುದು ತಡವಾಯಿತು. ಜೀನ್‌ಗಳ ಮೇಲಿನ ಇಂಥ ಗುರುತುಗಳ ಅಧ್ಯಯನವೇ ಎಪಿಜೆನೆಟಿಕ್ಸ್.

ಈಗ ಇಲಿಯಿಂದ ಮನುಷ್ಯರ ಕಡೆಗೆ ಬರೋಣ. ಮನುಷ್ಯರ ಖಿನ್ನತೆ, ಅಂದರೆ ಬಹುದಿನ ಬಿಡದೆ ಕಾಡುವ ಮಂಕು, ಇಲಿಯ ಗಾಬರಿಯಷ್ಟು ಸರಳವಲ್ಲ. ಅನುವಂಶೀಯತೆ, ಕಾಯಿಲೆ, ಅಗಲಿಕೆ, ಒಂಟಿತನ, ಹಿಂಸೆ ಎಲ್ಲವೂ ಅದರಲ್ಲಿ ಪಾಲುದಾರರು. ಬಾಲ್ಯದಲ್ಲಿ ತೀರಾ ನೊಂದ ಕೆಲವರಲ್ಲೂ ಇಂಥ ಗುರುತುಗಳ ವ್ಯತ್ಯಾಸ ಕಂಡುಬಂದಿದೆ. ಆದರೆ ಗುರುತು ನೋಡಿ ಯಾರಿಗೆ ಖಿನ್ನತೆ ಬರುತ್ತದೆಂದು ಹೇಳಲಾಗದು. ಇಲಿಯ ಕಥೆ ಕೇಳಿ ಯಾರ ಅಮ್ಮನನ್ನೂ ದೂರಬೇಡಿ. ಮಂಕಾಗಿ ಕೂತ ಗೆಳೆಯನನ್ನು ಸೋಮಾರಿ ಎನ್ನಲೂಬೇಡಿ. ಅವನ ನೋವು ಮೈಯೊಳಗೂ ನಡೆಯುತ್ತಿರುವ ಸಂಗತಿ.

ಹಾಕಿದ ಕ್ಲಿಪ್ಪು ಸಡಿಲವಾಗುವುದೂ ಉಂಟು. 2004ರ ಅದೇ ಅಧ್ಯಯನದಲ್ಲಿ, ಬೆಳೆದ ಇಲಿಗಳ ಮಿದುಳಿಗೆ ಒಂದು ರಾಸಾಯನಿಕ ಕೊಟ್ಟಾಗ ಗುರುತುಗಳು ಕಡಿಮೆಯಾಗಿ ಗ್ರಾಹಕಗಳು ಹೆಚ್ಚಿದವು. ಅದಕ್ಕೂ ಮೊದಲು, 2002ರಲ್ಲಿ, ಮೀನಿಯವರ ಸಂಗಡಿಗರು ಔಷಧಿಯಿಲ್ಲದ ಇನ್ನೊಂದು ಪ್ರಯೋಗ ವರದಿ ಮಾಡಿದ್ದರು. ಎಳವೆಯಲ್ಲಿ ದಿನವೂ ಮೂರು ಗಂಟೆ ಅಮ್ಮನಿಂದ ದೂರವಿದ್ದ ಮರಿಗಳನ್ನು ಹಾಲು ಬಿಟ್ಟ ಮೇಲೆ ಆಟಿಕೆಗಳೂ ಜೊತೆಗಾರರೂ ಇದ್ದ ದೊಡ್ಡ ಗೂಡಿನಲ್ಲಿ ಬೆಳೆಸಿದರು. ಅವುಗಳ ಗಾಬರಿ ಹಾಗೆ ದೂರವಾಗದ ಇಲಿಗಳ ಮಟ್ಟಕ್ಕೆ ಇಳಿಯಿತು.