ಸೊಂಟದ ಕೀಲಿನ ಸಂದಿನಲ್ಲಿ

ಕೋಥರೂಡಿನ ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರಿದ್ದಾರೆ. ಸೊಂಟದ ಕೀಲು ಬದಲಾಯಿಸಿಕೊಂಡು ಹದಿನೈದು ವರ್ಷದ ಮೇಲಾಯಿತು. ಮೊನ್ನೆಯವರೆಗೂ ಟೇಕಡಿ ಹತ್ತಿ ಇಳಿಯುತ್ತಿದ್ದವರು ಈಗ ತೊಡೆಸಂದಿನಲ್ಲಿ ನೋವು ಅನ್ನುತ್ತಾರೆ. "ಯಾವ ಕಂಪನಿಯ ಕೀಲು, ಅಜ್ಜಿ?" ಎಂದೆ. "ಫಾರಿನ್ನಿಂದು ಅಂತ ಹೇಳಿದ್ರು ನೋಡಪಾ, ಅಷ್ಟ ಗೊತ್ತು" ಎಂದರು. ಇವತ್ತಿನ ಮಾತು ಆ ಉತ್ತರದ ಬಗ್ಗೆ.

ಕೃತಕ ಕೀಲು ಒಂದೇ ತುಂಡಲ್ಲ. ತೊಡೆಮೂಳೆಯೊಳಗೆ ಲೋಹದ ಕಂಬಿ, ಅದರ ತುದಿಗೆ ಗುಂಡು, ಗುಂಡು ತಿರುಗಲು ಬಟ್ಟಲು. ಬಿಡಿಭಾಗಗಳಿದ್ದರೆ ಆಪರೇಷನ್ ಮೇಜಿನ ಮೇಲೆಯೇ ರೋಗಿಯ ಅಳತೆಗೆ ಹೊಂದಿಸಬಹುದು. ಕಂಬಿಯ ತುದಿ ಶಂಕುವಿನ ಆಕಾರ, ಗುಂಡಿನೊಳಗೆ ಅದೇ ಆಕಾರದ ಕುಳಿ. ನಟ್ಟಿಲ್ಲ, ಬೋಲ್ಟಿಲ್ಲ, ಬಡಿದು ಕೂರಿಸಿದರೆ ಬಿಗಿತದಿಂದಲೇ ನಿಲ್ಲುತ್ತದೆ. ಭೋಸರಿ, ಚಿಂಚವಡದಲ್ಲಿ ಲೇತ್ ನಡೆಸಿದವರಿಗೆ ಮೋರ್ಸ್ ಟೇಪರ್ ಎಂದರೆ ಸಾಕು.

ಆದರೆ ಲೇತ್ ಉಪ್ಪುನೀರಿನಲ್ಲಿ ನಿಂತಿರುವುದಿಲ್ಲ. ದೇಹದೊಳಗಿನ ಜೋಡಣೆ ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಲೋಹವನ್ನು ಕಾಯುವ ತೆಳುವಾದ ಆಕ್ಸೈಡ್ ಪೊರೆ ಉಜ್ಜಿ ಹೋಗುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಹೋಗುತ್ತದೆ. ಸಂದಿನಲ್ಲಿ ಸಿಕ್ಕಿಕೊಂಡ ದ್ರವ ಆಮ್ಲವಾಗಿ ಲೋಹವನ್ನು ಇನ್ನಷ್ಟು ತಿನ್ನುತ್ತದೆ. ಗೇಟಿಗೆ ಹಿಡಿಯುವ ಕೆಂಪು ತುಕ್ಕಲ್ಲ ಇದು. ಕೋಬಾಲ್ಟ್, ಕ್ರೋಮಿಯಂ ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಇಳಿಯುತ್ತವೆ. ಕೆಲವರಲ್ಲಿ ಮಾಂಸ ಸಾಯುತ್ತದೆ, ನೀರು ತುಂಬಿದ ಗಡ್ಡೆ ಕಟ್ಟುತ್ತದೆ. ದೊಡ್ಡ ಲೋಹದ ಗುಂಡಾದರೆ ಜೋಡಣೆಯ ಮೇಲೆ ಒತ್ತಡ ಹೆಚ್ಚು. ಸೆರಾಮಿಕ್ ಗುಂಡಿನಲ್ಲಿ ಈ ಕಾಟ ಕಡಿಮೆ. ಕುತ್ತಿಗೆಯ ಬಳಿ ಇನ್ನೊಂದು ಜೋಡಣೆಯಿದ್ದ ಎರಡು ಮಾದರಿಗಳನ್ನು ಸ್ಟ್ರೈಕರ್ ಕಂಪನಿ ಇದೇ ಕಾರಣಕ್ಕೆ 2012ರಲ್ಲಿ ಹಿಂತೆಗೆದುಕೊಂಡಿತು.

ನಮ್ಮ ದೇಶದಲ್ಲಿ ದೊಡ್ಡ ಸುದ್ದಿಯಾದದ್ದು ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲು. ಅದರಲ್ಲಿ ಲೋಹದ ಗುಂಡು ಲೋಹದ ಬಟ್ಟಲಿನಲ್ಲೇ ತಿರುಗುತ್ತಿತ್ತು. ಸವೆತ ಅಲ್ಲೂ ಇತ್ತು, ಜೋಡಣೆಯಲ್ಲೂ ಇತ್ತು. 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಕೇಂದ್ರ ಸರ್ಕಾರ 2017ರಲ್ಲಿ ನೇಮಿಸಿದ ಸಮಿತಿ ವಿಚಾರಿಸಿದಾಗ ಪತ್ತೆಯಾದವರು ಸುಮಾರು 1,080 ಮಂದಿ. ಉಳಿದವರೆಲ್ಲಿ? 2018ರ ನವೆಂಬರಿನಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರವೂ ಬಂತು. ಆದರೆ ತನ್ನೊಳಗಿರುವುದು ಯಾವ ಕೀಲೆಂದೇ ತಿಳಿಯದವರು ಅರ್ಜಿ ಹಾಕುವುದು ಹೇಗೆ? ನನಗೆ ಸಿಟ್ಟು ಬರುವುದು ಇಲ್ಲೇ.

ಆಪರೇಷನ್ ದಿನ ಪ್ರತಿ ಭಾಗದ ಡಬ್ಬಿಯಲ್ಲಿ ಸ್ಟಿಕ್ಕರ್ ಇರುತ್ತದೆ: ಕಂಪನಿ, ಮಾದರಿ, ಲಾಟ್ ನಂಬರ್. ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ. ಹಳೆಯ ಕೀಲಿನವರಿಗೆ ತೊಡೆಸಂದಿನಲ್ಲಿ ಹೊಸದಾಗಿ ನೋವು ಬಂದರೆ "ವಯಸ್ಸಾಯಿತು" ಅಂತ ಸುಮ್ಮನಿರಬೇಡಿ. ಎಕ್ಸ್‌ರೇ ಸರಿಯಾಗಿ ಕಂಡರೂ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ನೋಡಬೇಕೇ ಎಂದು ಮೂಳೆ ಡಾಕ್ಟರನ್ನು ಕೇಳಿ. ಕ್ರೋಮಿಯಂಗಿಂತ ಕೋಬಾಲ್ಟ್ ಬಹಳ ಹೆಚ್ಚಿದ್ದರೆ ಅವರ ಅನುಮಾನ ಜೋಡಣೆಯ ಕಡೆಗೇ ಹೋಗುತ್ತದೆ. ಹಾಗೆಂದು ಗಾಬರಿ ಬೇಡ. ಹೆಚ್ಚಿನವರ ಕೀಲು ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ.

ಅಜ್ಜಿಯ ಮಗ ಅಟ್ಟದ ಮೇಲಿನ ಎಕ್ಸ್‌ರೇ ಚೀಲ ಕೆಳಗಿಳಿಸಿದ್ದಾರೆ. ಮಸುಕಾದ ಮೂರು ಸ್ಟಿಕ್ಕರ್ ಸಿಕ್ಕಿವೆ. ಗುರುವಾರ ಡಾಕ್ಟರ ಹತ್ತಿರ ಹೋಗುತ್ತಾರೆ.